ಚನ್ನಾಜಮ್ಮನ ನಾಲ್ಕು ಹಲ್ಲು

ಮಾಂಬಳ್ಳಿಯ ಚನ್ನಾಜಮ್ಮ ಸೋಬಾನೆ ಹಾಡಲು ಕೂತರೆ ಚಪ್ಪರದ ಕೊನೆಯಲ್ಲಿದ್ದವರಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹೊಲದ ಕೆಲಸ ಎಷ್ಟೇ ಇರಲಿ, ಮದುವೆಗೆ ಹಾಡಲು ಕರೆದವರಿಗೆ ಅವಳು ಇಲ್ಲ ಅಂದವಳಲ್ಲ.

ನಲವತ್ತಾರು ದಾಟಿದ ಮೇಲೆ ವಸಡು ಊದಿಕೊಂಡು ರಕ್ತ ಒಸರತೊಡಗಿತು. ಕೊಳ್ಳೇಗಾಲದ ಹಲ್ಲಿನ ಡಾಕ್ಟರು ನಟರಾಜು ಅಲುಗಾಡುತ್ತಿದ್ದ ದವಡೆ ಹಲ್ಲೊಂದನ್ನು ಕಿತ್ತು ಮಾತ್ರೆ ಬರೆದುಕೊಟ್ಟರು. ಕಿತ್ತ ಜಾಗ ತಿಂಗಳಾದರೂ ಮಾಯಲಿಲ್ಲ. ಮತ್ತೆ ಹೋದಾಗ, ಎಲೆಅಡಿಕೆ ಹಾಕಿದರೆ ಇನ್ನೇನಾಗುತ್ತದೆ ಎಂದು ಗದರಿದರು. ನೀರು ಕುಡಿದಷ್ಟೂ ಬಾಯಾರುತ್ತದೆ, ಮೈ ಇಳಿಯುತ್ತಿದೆ ಎಂದಳು. ಬಿಸಿಲಲ್ಲಿ ದುಡಿಯುವವರಿಗೆ ಅದೆಲ್ಲ ಇದ್ದದ್ದೇ ಅಂದುಬಿಟ್ಟರು. ಚನ್ನಾಜಮ್ಮ ಇಪ್ಪತ್ತು ವರ್ಷದ ಎಲೆಅಡಿಕೆ ಬಿಟ್ಟಳು. ತಪ್ಪು ತನ್ನದೇ ಎಂದು ನಂಬಿ, ನಾಚಿಕೊಂಡು, ದಿನಕ್ಕೆ ಮೂರು ಸಲ ಉಪ್ಪುನೀರು ಮುಕ್ಕಳಿಸಿದಳು. ಆದರೂ ಮರುವರ್ಷ ಇನ್ನೆರಡು ಹಲ್ಲು ಹೋದವು. ಅದರ ಮರುವರ್ಷ ಮೇಲಿನ ಮುಂದಿನ ಹಲ್ಲು.

ಆಮೇಲೆ ಮದುವೆಯೊಂದರಲ್ಲಿ ಹಾಡುವಾಗ ಹಲ್ಲಿನ ಸಂದಿಯಿಂದ ಗಾಳಿ ನುಗ್ಗಿ ಪದ ಸಿಳ್ಳೆಯಾಯಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳು ಅರ್ಧಕ್ಕೇ ಎದ್ದುಬಂದಳು. ಅಲ್ಲಿಂದಾಚೆಗೆ ಕರೆದವರಿಗೆಲ್ಲ ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದಳು.

ಐದನೆಯ ಹಲ್ಲು ಅಲುಗಾಡಿದಾಗ ಯಳಂದೂರಿನ ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿನ ಹಲ್ಲಿನ ಡಾಕ್ಟರು, ಧನುಶ್ರೀ ಎಂಬ ಚಿಕ್ಕ ವಯಸ್ಸಿನವರು, ಇಕ್ಕಳ ಮುಟ್ಟಲಿಲ್ಲ. ವಸಡು ನೋಡಿ, ಬಾಯಾರಿಕೆಯ ಬಗ್ಗೆ ಕೇಳಿ, ಬೆರಳಿಗೆ ಸೂಜಿ ಚುಚ್ಚಿದರು. ಹಲ್ಲು ತೋರಿಸಲು ಬಂದರೆ ಬೆರಳು ಯಾಕೆ ಎಂದು ಚನ್ನಾಜಮ್ಮ ರೇಗಿದಳು. ಮೆಷಿನ್ ಮುನ್ನೂರ ನಲವತ್ತು ತೋರಿಸಿತು. ಇದು ಸಕ್ಕರೆ ಕಾಯಿಲೆಯೇ ಇರಬೇಕು, ಅದು ಏರಿದರೆ ವಸಡು ಹಲ್ಲನ್ನು ಹಿಡಿದುಕೊಳ್ಳುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು.

“ಮೊದ್ಲೇ ಗೊತ್ತಾಗಿದ್ರೆ ನನ್ ಅಲ್ಲು ಉಳೀತಿದ್ವಾ?”

ಡಾಕ್ಟರು ಮತ್ತೊಮ್ಮೆ ವಸಡು ನೋಡಿದರು. “ಎಲ್ಲಾ ಅಂತ ಹೇಳಕ್ಕಾಗಲ್ಲಮ್ಮ. ಕೆಲವಾದ್ರೂ ಉಳೀತಿದ್ವು.”

ಆ ಮಾತು ಅವಳ ಎದೆಯಲ್ಲಿ ಕೆಂಡವಾಗಿ ಕೂತಿತು. ಸಿಟ್ಟು ಕಾಯಿಲೆ ಬಂದದ್ದಕ್ಕಲ್ಲ, ಮೂರು ವರ್ಷ ತನ್ನನ್ನೇ ತಾನು ಬೈದುಕೊಂಡದ್ದಕ್ಕೆ. ಮರುದಿನ ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಬೆಳಗಿನ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋದಳು. ಸರದಿ ಕಾಯದೆ ಒಳನುಗ್ಗಿ ಚೀಟಿಗಳನ್ನು ನಟರಾಜು ಅವರ ಮೇಜಿನ ಮೇಲೆ ಹರಡಿದಳು. ಒಂದು ಸಲವಾದರೂ ರಕ್ತ ನೋಡಬಾರದಿತ್ತೇ ಎಂದು ಕೇಳಿದಳು. ತಾನು ಹಲ್ಲಿನ ಡಾಕ್ಟರು, ಸಕ್ಕರೆ ಕಾಯಿಲೆ ನೋಡುವವರು ಬೇರೆ ಇದ್ದಾರೆ ಎಂದು ಅವರು ಮುಖ ತಿರುಗಿಸಿದರು.

“ನಿಮ್ ಕಣ್ಗೆ ಅಲ್ಲು ಮಾತ್ರ ಕಂಡ್ತಾ ಸಾ? ಆ ಅಲ್ಲು ಇದ್ದುದ್ದು ಒಂದ್ ಎಂಗ್ಸಿನ್ ಬಾಯಲ್ಲಿ. ಬಾಯಾರ್ತದೆ ಅಂತ ಆ ಬಾಯೇ ನಿಮ್ಗೆ ಏಳ್ತಲ್ಲ.”

ಕಟ್ಟಿಸುವ ಹಲ್ಲನ್ನು ದುಡ್ಡಿಲ್ಲದೆ ತಾವೇ ಮಾಡಿಸಿಕೊಡುವುದಾಗಿ ಡಾಕ್ಟರು ಹೇಳಿದ್ದೇ ತಡ, ಚನ್ನಾಜಮ್ಮನ ಸಿಟ್ಟು ಇನ್ನಷ್ಟು ಏರಿತು. ಚೀಟಿ ಬಾಚಿಕೊಂಡು ಹೊರಬಂದು, ಬೆಂಚಿನ ಮೇಲಿದ್ದ ಒಬ್ಬೊಬ್ಬರನ್ನೂ ನಿಮ್ಮ ಬೆರಳು ಚುಚ್ಚಿ ನೋಡಿದ್ದಾರಾ ಎಂದು ಕೇಳಿದಳು. ಯಾರದ್ದೂ ನೋಡಿರಲಿಲ್ಲ. ಅಜ್ಜೀಪುರದಿಂದ ಬಂದಿದ್ದ ಚಿಕ್ಕಮಾದಯ್ಯ ಎಂಬಾತ ಕೆನ್ನೆ ಹಿಡಿದುಕೊಂಡೇ ಎದ್ದು, ಎಲ್ಲಿ ನೋಡುತ್ತಾರೆ ಎಂದು ಕೇಳಿದ. ಅವಳೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಅವನಿಗೂ ಸಕ್ಕರೆ ಏರಿತ್ತು.

ಮಾತ್ರೆ ಶುರುವಾಗಿ ನಾಲ್ಕು ತಿಂಗಳಿಗೆ ಅವಳ ಸಕ್ಕರೆ ಇಳಿಯಿತು, ವಸಡಿನ ರಕ್ತ ನಿಂತಿತು. ಐದನೆಯ ಹಲ್ಲು ಇನ್ನೂ ಬಾಯಲ್ಲೇ ಇದೆ. ನಟರಾಜು ಡಾಕ್ಟರು ಈಗ ಸಕ್ಕರೆ ನೋಡುವ ಮೆಷಿನ್ ಇಟ್ಟಿದ್ದಾರೆ, ಬಂದವರಿಗೆಲ್ಲ ನೋಡುತ್ತಾರೆ ಎಂದು ಮೊನ್ನೆ ಚಿಕ್ಕಮಾದಯ್ಯ ಫೋನಿನಲ್ಲಿ ಹೇಳಿದ. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದ.

“ಇಟ್ಕಳ್ಲಿ,” ಎಂದಳು ಚನ್ನಾಜಮ್ಮ. “ನಾ ಅಂತೂ ಆ ಬಾಗ್ಲು ತುಳಿಯಾಕಿಲ್ಲ.”