ಸೋನಿ ಕಾಲಿಡದ ಬೂದಿ

2022ರಲ್ಲಿ ನಾನು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಇಂಡಿ, ಸಿಂದಗಿ, ನಾಲತವಾಡಗಳಲ್ಲಿ ಸೇವೆ ಮುಗಿಸಿ ಅಲ್ಲಿಗೆ ಬಂದಿದ್ದೆ, ನಿವೃತ್ತಿ ದೂರವಿರಲಿಲ್ಲ. ನಮ್ಮ ಭಾಗದ ಪಶು ಆಸ್ಪತ್ರೆಗೆ ಬರುವುದು ಎತ್ತು, ಎಮ್ಮೆ, ಆಡು, ಕುರಿ. ಅಪರೂಪಕ್ಕೆ ನಾಯಿ. ಬೆಕ್ಕು ಬಂದರೆ ಸರದಿಯಲ್ಲಿ ನಿಂತವರಿಗೆಲ್ಲ ಅದೊಂದು ಮೋಜು.

ನಾನು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಸತಿ ಶಾಲೆಯಲ್ಲಿ. ಆ ಶಿಸ್ತು ವೃತ್ತಿಗೂ ಬಂತು. ರೋಗ ಹುಡುಕುವುದಕ್ಕೆ ನನ್ನದೊಂದು ಕ್ರಮವಿತ್ತು: ಮೊದಲು ಪ್ರಾಣಿ, ಆಮೇಲೆ ಅದು ಬದುಕುವ ಜಾಗ, ಕೊನೆಗೆ ಮನುಷ್ಯರ ಮಾತು. ಪ್ರಾಣಿ ಸುಳ್ಳು ಹೇಳುವುದಿಲ್ಲ, ಜಾಗ ಮುಚ್ಚಿಡುವುದಿಲ್ಲ. ಮನುಷ್ಯರು ಬೇಕೆಂದು ಸುಳ್ಳು ಹೇಳದಿದ್ದರೂ ತಮಗೆ ಮುಖ್ಯವೆನಿಸಿದ್ದನ್ನು ಮಾತ್ರ ಹೇಳುತ್ತಾರೆ. ಈ ಕ್ರಮವನ್ನು ನಾನು ಎಂದೂ ತಪ್ಪಿಸಿದವನಲ್ಲ. ಒಂದು ದಿನ ಮಾತ್ರ ಪ್ರಾಣಿಯನ್ನು ಮೇಜಿನ ಮೇಲೆಯೇ ಬಿಟ್ಟು ಓಡಬೇಕಾಯಿತು.

ಮಾರ್ಚ್ ತಿಂಗಳು. ಇಂಗಳೇಶ್ವರದ ಕಡೆಯಿಂದ ಒಬ್ಬ ತರುಣಿ ಬಂದಳು. ಒಂದು ಕೈಯಲ್ಲಿ ಹಳೆಯ ಸೀರೆ ಮುಚ್ಚಿದ ಬುಟ್ಟಿ, ಸೊಂಟದ ಮೇಲೆ ಇನ್ನೂ ವರ್ಷ ತುಂಬದ ಹೆಣ್ಣುಕೂಸು. ಹೆಸರು ರೇಣುಕಾ; ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಬುಟ್ಟಿಯೊಳಗಿಂದ ಬೆಕ್ಕಿನ ದನಿ ಬಂದದ್ದೇ ತಡ, ಎಮ್ಮೆ ಹಿಡಿದು ನಿಂತಿದ್ದ ಮುದುಕರೊಬ್ಬರು ಗಟ್ಟಿಯಾಗಿ ಅಂದರು:

"ಏನ್ ಕಾಲ ಬಂತಪ್ಪಾ! ಹಾಲ ಕೊಡೋ ಎಮ್ಮಿ ಹಿಂದ ನಿಂತೈತಿ, ಹಾಲ ಕದಿಯೋ ಬೆಕ್ಕ ಮುಂದ ಹೊಂಟೈತಿ!"

ಎಲ್ಲರೂ ನಕ್ಕರು. ರೇಣುಕಾ ನಗಲಿಲ್ಲ. ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು ಒಂದೇ ಉಸಿರಿನಲ್ಲಿ ಹೇಳಿದಳು: "ಸರ್, ಇದಕ್ಕ ಏನರ ಮಾಡ್ರಿ. ನಾ ತವರಮನಿಯಿಂದ ತಂದ ಬೆಕ್ಕು. ಎಂದೂ ಹೊಲಸು ಮಾಡಿದ್ದಲ್ಲ. ಈಗ ಹಾಸಿಗಿ, ಅರಿವಿ ಯಾವುದನ್ನೂ ಬಿಡವಲ್ತು. ಮೈತುಂಬ ಚಿಗಟ ಬ್ಯಾರೆ. ಕೂಸಿಗೂ ಕಡದಾವು. ಆಯಿತವಾರ ಇದನ್ನ ಒಯ್ದು ಕೊಲ್ಹಾರದಾಗ ಬಿಟ್ಟು ಬರ್ರಿ ಅಂತ ನಮ್ಮತ್ತಿ ಹಟ ಹಿಡದಾರ."

"ಕೊಲ್ಹಾರಕ್ಕ ಯಾಕ?"

"ಅಲ್ಲಿ ಹಿನ್ನೀರಿನ ದಂಡಿಗಿ ಮೀನ ಹಿಡಿಯವ್ರು ಇರ್ತಾರ, ಮೀನ ತಿಂದು ಆರಾಮ ಇರತೈತಿ ಅಂತಾರ್ರಿ." ಆಕೆಯ ಕಣ್ಣು ತುಂಬಿತು.

ಬೆಕ್ಕಿನ ಹೆಸರು ಸೋನಿ. ಬಂಗಾರದ ಬಣ್ಣದ ಹೆಣ್ಣುಬೆಕ್ಕು. ಸಣ್ಣ ಹಲ್ಲಿನ ಬಾಚಣಿಕೆಯಿಂದ ಬೆನ್ನು ಬಾಚಿದೆ. ಕರಿಯ ಪುಡಿಯಂಥ ಕಣಗಳು ಉದುರಿದವು. ಅವನ್ನು ಒದ್ದೆ ಹತ್ತಿಯ ಮೇಲಿಟ್ಟರೆ ಸುತ್ತಲೂ ಕೆಂಪು ಹರಡಿತು. ಚಿಗಟ ಹೀರಿದ ರಕ್ತ ಅದರ ಹಿಕ್ಕೆಯಲ್ಲಿ ಹೀಗೆ ಬಣ್ಣ ಬಿಡುತ್ತದೆ. ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಚಿಗಟ ಇದ್ದದ್ದು ಖಚಿತ.

ಮುಂದಿನದು ಹೊಲಸಿನ ವಿಷಯ. ಮನೆಯೊಳಗೆ ಸಾಕಿದ ಬೆಕ್ಕಿಗೆ ಮಣ್ಣು, ಮರಳು ಅಥವಾ ಬೂದಿ ತುಂಬಿದ ಒಂದು ತಟ್ಟೆ ಇಡುತ್ತಾರೆ. ಪೇಟೆಯವರು ಅದಕ್ಕೆ ಲಿಟರ್ ಬಾಕ್ಸ್ ಅನ್ನುತ್ತಾರೆ. ಬೆಕ್ಕು ಅಲ್ಲಿಯೇ ಹೋಗಿ, ಕೆದರಿ, ಮುಚ್ಚಿ ಬರುತ್ತದೆ. ಈ ಅಭ್ಯಾಸ ಒಮ್ಮೆಲೇ ತಪ್ಪಿದರೆ ಮೊದಲು ಮೂತ್ರದ ತೊಂದರೆಯನ್ನು ಅನುಮಾನಿಸಬೇಕು. ಸೋನಿಯ ಮೂತ್ರಕೋಶವನ್ನು ಮುಟ್ಟಿ ನೋಡಿದೆ, ಮೆತ್ತಗಿತ್ತು, ನೋವಿರಲಿಲ್ಲ. ಆದರೆ ನಾನು ಹುಡುಕದೇ ಇದ್ದ ಒಂದು ಲಕ್ಷಣ ಕಣ್ಣಿಗೆ ಬಿತ್ತು. ಬೆಕ್ಕಿನ ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ತೊಡೆಯ ಸ್ನಾಯು ಚರ್ಮದಡಿಯಲ್ಲಿ ಸಣ್ಣಗೆ ಅದುರುತ್ತಿತ್ತು. ಅಂಗೈಯಿಂದ ಅದರ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಕತ್ತಲೆಯಲ್ಲಿ ಬೆಕ್ಕಿನ ಪಾಪೆ ಗುಂಡಗೆ ಅರಳಬೇಕು. ಇದರದ್ದು ಎಳೆದ ಗೀರಿನಂತೆಯೇ ಉಳಿದಿತ್ತು.

ಇದು ಕೀಟನಾಶಕದ ಗುರುತು. ಉಣ್ಣಿಗೆಂದು ದನಗಳಿಗೆ ಹಚ್ಚುವ ಔಷಧಿಯನ್ನು ಬೆಕ್ಕಿಗೂ ಹಚ್ಚಿ ಕೊಲ್ಲುವವರನ್ನು ನಾನು ಕಂಡಿದ್ದೆ.

"ಚಿಗಟ ಹೋಗ್ಲಿ ಅಂತ ಇದರ ಮೈಗೆ ಏನರ ಹಚ್ಚೀರೇನು?"

"ಇಲ್ರಿ ಸರ್, ಕೂಸಿನ ಆಣಿ. ಏನೂ ಹಚ್ಚಿಲ್ಲ."

ಹಾಗೆ ಅನ್ನುತ್ತ ಆಕೆ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. ಒರೆಸಿದ ಬೆನ್ನಿಗೇ ಮತ್ತೆ ಜೊಲ್ಲು ಇಳಿಯಿತು. ನಾನು ನೋಡುವುದನ್ನು ಕಂಡು, "ಹಲ್ಲು ಬರಾಕತ್ತಾವ್ರಿ. ಭೇದಿನೂ ಹತ್ತೈತಿ. ಅದಕ್ಕ ಇವತ್ತ ಸಾಲಿಗಿ ರಜಾ ಹಾಕೇನಿ" ಅಂದಳು. ಕೂಸು ತಾಯಿಯ ಹೆಗಲಿಗೆ ಒರಗಿತ್ತು. ಆ ವಯಸ್ಸಿನ ಮಕ್ಕಳು ಮೇಜಿನ ಮೇಲೆ ಬೆಕ್ಕು ಕಂಡರೆ ಹಾರಿ ಬೀಳುತ್ತವೆ. ಇದು ತಲೆಯನ್ನೂ ಎತ್ತಿರಲಿಲ್ಲ.

"ಕೂಸಿನ ಮಾರಿ ಈ ಕಡೆ ಮಾಡವ್ವ."

"ಯಾಕ್ರಿ ಸರ್?"

"ಮಾಡು."

ಬೆಕ್ಕಿಗೆ ಮಾಡಿದಂತೆಯೇ ಕೂಸಿನ ಕಣ್ಣಿಗೂ ಅಂಗೈ ಅಡ್ಡ ಹಿಡಿದೆ. ತೆಗೆದೆ. ಆ ಪಾಪೆಗಳು ಸೂಜಿಯ ಮೊನೆಯಷ್ಟಿದ್ದವು, ಅರಳಲಿಲ್ಲ.

ಸೇವೆಯಲ್ಲಿ ನಾನು ಗಂಟಲು ಊದಿಸಿ ದನ ಕೊಲ್ಲುವ ಗಳಲೆ ರೋಗಕ್ಕೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾದದ್ದನ್ನು ನೋಡಿದ್ದೇನೆ, ಸಿಡಿಲಿಗೆ ಕುರಿಮಂದೆ ಬಿದ್ದದ್ದನ್ನು ನೋಡಿದ್ದೇನೆ. ಆ ಕ್ಷಣದಲ್ಲಿ ಆದಷ್ಟು ಆಘಾತ ಎಂದೂ ಆಗಿರಲಿಲ್ಲ. ಮೇಜಿನ ಮೇಲೆ ಒಂದು ಜೀವ, ತಾಯಿಯ ಸೊಂಟದ ಮೇಲೆ ಒಂದು ಜೀವ. ಎರಡಕ್ಕೂ ಒಂದೇ ವಿಷ. ಅದರ ಮದ್ದಾದ ಅಟ್ರೋಪಿನ್ ನನ್ನ ಕಪಾಟಿನಲ್ಲೇ ಇತ್ತು. ಕೈ ಆ ಕಡೆ ಹೋಗಿ ನಿಂತಿತು. ಅಲ್ಲಿದ್ದದ್ದು ದನಕ್ಕೆ ಕೊಡುವ ಅಳತೆ. ನಾನು ಕೂಸಿನ ವೈದ್ಯನಲ್ಲ. ಸೋನಿಗೆ ಎಷ್ಟು ಕೊಡಬೇಕೆಂದು ಸಹಾಯಕನಿಗೆ ಹೇಳಿ, ತಾಯಿ ಕೂಸನ್ನು ಜೀಪಿನಲ್ಲಿ ಕೂರಿಸಿಕೊಂಡು ಊರಿನ ದವಾಖಾನೆಗೆ ಹೊರಟೆ. ಎಮ್ಮೆಯ ಮುದುಕರು ಈಗ ನಗಲಿಲ್ಲ. ತಾವೇ ಮುಂದಾಗಿ ಗೇಟು ತೆಗೆದರು.

ದವಾಖಾನೆಯ ವೈದ್ಯೆ ಕೂಸಿನ ಕಣ್ಣು ನೋಡಿದ ಕೂಡಲೇ ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿದರು. ಸೂಜಿ ಹಾಕುತ್ತಲೇ ನನಗೆ ಹೇಳಿದರು: "ಯಾವ ವಿಷ ಅಂತ ಗೊತ್ತಾಗಬೇಕು. ಡಬ್ಬಿಯೋ ಪೊಟ್ಟಣವೋ, ಏನಿದ್ದರೂ ತಗೊಂಡು ಬನ್ನಿ. ಅದು ಕೂಸಿನ ಮೈಗೆ ಎಲ್ಲಿಂದ ಹತ್ತಿತು ಅನ್ನೋದೂ ಗೊತ್ತಾಗಬೇಕು."

ರೇಣುಕಾಳಿಗೆ ಏನೂ ಗೊತ್ತಿರಲಿಲ್ಲ. ಹಗಲೆಲ್ಲ ಆಕೆ ಶಾಲೆಯಲ್ಲಿ. ಕೂಸು, ಬೆಕ್ಕು ಎರಡೂ ಅತ್ತೆಯ ಹತ್ತಿರ. ಗಂಡ ಟ್ರ್ಯಾಕ್ಟರ್ ತಗೊಂಡು ಮುದ್ದೇಬಿಹಾಳದ ಕಡೆ ಹೋಗಿದ್ದ. ನಾನೊಬ್ಬನೇ ಇಂಗಳೇಶ್ವರಕ್ಕೆ ಹೋದೆ.

ಅತ್ತೆ ಗಂಗವ್ವ ಅಂಗಳದಲ್ಲಿ ಮೊರ ಹಿಡಿದು ಬೀಜದ ತೊಗರಿ ಹಸನು ಮಾಡುತ್ತ ಕೂತಿದ್ದರು. ಅಚ್ಚುಕಟ್ಟಿನ ಹೆಂಗಸು; ಅಂಗಳದಲ್ಲಿ ಒಂದು ಕಡ್ಡಿಯೂ ಬಿದ್ದಿರಲಿಲ್ಲ. ಜೀಪು ಕಂಡು ಮೊರದ ಸಮೇತ ಎದ್ದು ನಿಂತರು.

"ಏ ಯಪ್ಪಾ, ಒಂದ ಬೆಕ್ಕಿನ ಸಲುವಾಗಿ ಸರಕಾರದ ಗಾಡೀನ ಬಂತಲ್ಲರಿ! ನಮ್ಮ ಸೊಸಿ ಏನ ಚಾಡಿ ಹೇಳ್ಯಾಳ? ಕುಂದರ್ರಿ ಸಾಹೇಬ್ರ, ಚಾ ಮಾಡ್ತೇನಿ."

ಕೂಸಿನ ವಿಷಯವನ್ನು ಆಗಲೇ ಹೇಳಿದ್ದರೆ ಗಾಬರಿಯಲ್ಲಿ ಅವರಿಗೆ ಏನೂ ನೆನಪಾಗುತ್ತಿರಲಿಲ್ಲ. ನನ್ನ ಕ್ರಮದ ಎರಡನೆಯ ಹೆಜ್ಜೆಯನ್ನೇ ಹಿಡಿದೆ.

"ಚಾ ಆಮ್ಯಾಲ ಆಗ್ಲಿ. ಬೆಕ್ಕು ಎಲ್ಲೆಲ್ಲಿ ಹೊಲಸು ಮಾಡೇತಿ, ತೋರಸ್ರಿ."

ದೂರು ಹೇಳಲು ಕರೆಯಬೇಕೆ? ಉತ್ಸಾಹದಿಂದ ಮನೆಯೆಲ್ಲ ತಿರುಗಿಸಿದರು. "ಇಲ್ಲಿ ನೋಡ್ರಿ, ನಮ್ಮ ಯಜಮಾನ್ರ ಹಾಸಿಗಿ. ಇಲ್ಲಿ, ಒಗದು ಮಡಚಿಟ್ಟ ಧೋತ್ರ. ಇಲ್ಲಿ, ಹೊಸಾ ಚಾಪಿ. ರಾಣ್ಯಾರ ಮಗಳಿದ್ದಂಗ ಐತ್ರಿ, ಹಸನ ಇದ್ದಲ್ಲೇ ಬೇಕು ಅದಕ್ಕ!"

"ಅದರ ತಟ್ಟಿ ಎಲ್ಲೈತಿ?"

ಪಡಸಾಲೆಯ ಮೂಲೆಯಲ್ಲಿ ಹಳೆಯ ತಗಡಿನ ಪರಾತವಿತ್ತು. ಅದರ ತುಂಬ ಜರಡಿ ಹಿಡಿದ ನುಣುಪಾದ ಬೂದಿ. ಮೇಲೆ ಒಂದೂ ಹೆಜ್ಜೆ ಇರಲಿಲ್ಲ. ಬಗ್ಗಿ ಮೂಸಿದೆ. ಒಲೆಯ ಬೂದಿ ಹೊಗೆಯ ವಾಸನೆ ಹೊಡೆಯಬಹುದು. ಇದು ಕೊಳೆತ ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು.

"ಈ ಬೂದಿ ಎಲ್ಲಿದು?"

"ನಮ್ಮ ಮನೀದ. ಬೀಜಕ್ಕ ಹಾಕೋ ಬೂದಿ."

ನಮ್ಮ ಕಡೆ ಬೀಜದ ಕಾಳಿಗೆ ಬೂದಿ ಬೆರೆಸಿ ಇಡುವುದು ತಲೆತಲಾಂತರದ ಪದ್ಧತಿ. ಬೂದಿಯಲ್ಲಿ ಹುಳ ಬದುಕುವುದಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಈಚಿನ ವರ್ಷಗಳಲ್ಲಿ ಕೆಲವರು ಬರೀ ಬೂದಿಗೆ ಸಮಾಧಾನಪಡದೆ, ಅಂಗಡಿಯಿಂದ ತಂದ ಕೀಟನಾಶಕದ ಪುಡಿಯನ್ನೂ ಅದಕ್ಕೆ ಕಲಸುತ್ತಾರೆ. ಬಿತ್ತುವ ಕಾಳು ತಾನೆ, ತಿನ್ನುವುದಲ್ಲವಲ್ಲ ಎಂಬ ಧೈರ್ಯ. ಆ ಬೆಳ್ಳುಳ್ಳಿ ವಾಸನೆ ಅಂಥ ಪುಡಿಯದೇ; ಗಂಗವ್ವನವರೂ ಕಲಸಿದ್ದರು. ಬೆಕ್ಕಿಗೆ ಚಿಗಟವಾದಾಗ ಆ ಬೂದಿಯನ್ನೇ ಪರಾತಕ್ಕೆ ತುಂಬಿದ್ದರು. ಸೋನಿ ಅದರಲ್ಲಿ ಕೆದರಿದೆ, ಪಂಜ ನೆಕ್ಕಿದೆ, ನಾಲಿಗೆ ಉರಿದಿದೆ. ಆಮೇಲೆ ಅಲ್ಲಿ ಕಾಲಿಡುವುದನ್ನೇ ಬಿಟ್ಟಿದೆ; ಆದರೂ ಮನೆಯಲ್ಲಿ ಹಾರಿ ಮೈಗೆ ಹತ್ತಿದ ಬೂದಿಯನ್ನು ದಿನಾ ನೆಕ್ಕುತ್ತಲೇ ಇತ್ತು.

ಬೆಕ್ಕಿನ ಮಟ್ಟಿಗೆ ಲೆಕ್ಕ ಸರಿಹೋಯಿತು. ಕೂಸು ಪರಾತದಲ್ಲಿ ಆಡುವುದಿಲ್ಲವಲ್ಲ? ಸುತ್ತ ನೋಡಿದೆ. ತೊಲೆಗೆ ತೂಗುಬಿಟ್ಟ ತೊಟ್ಟಿಲಿತ್ತು. ಅದರೊಳಗೆ ಬಣ್ಣಬಣ್ಣದ ತುಂಡು ಬಟ್ಟೆ ಕೂಡಿಸಿ ಹೊಲಿದ ಸಣ್ಣ ಕೌದಿ.

"ಗಂಗವ್ವಾರ, ತೊಟ್ಟಲದಾಗ ಬೆಕ್ಕು ಹೊಲಸು ಮಾಡೇತೇನು?"

"ಮದಲ ಅಲ್ಲೇ ಮಕ್ಕೋತಿತ್ತು. ಈಗ ಆ ಕಡೆ ಹಾಯೂದಿಲ್ಲ."

ಕೌದಿ ಎತ್ತಿದೆ. ಅದರಡಿ, ರೊಟ್ಟಿಗೆ ಹಿಟ್ಟು ಉದುರಿಸಿದಂತೆ ಸಮನಾಗಿ, ಅದೇ ಬೂದಿ.

ಗಂಗವ್ವ ಹೆಮ್ಮೆಯಿಂದ ಹೇಳಿದರು: "ಕೂಸಿನ ಕಾಲಿಗೆ ಚಿಗಟ ಕಡದು ಕೆಂಪಗ ಆಗಿತ್ತರಿ. ದಿನಾ ಒಂದೀಟ ಉದುರಸ್ತೇನಿ. ಬೂದಿಲಿಂದ ಯಾರಿಗೇನ ಆಗತೈತಿ? ಹಣಿಗೂ ಬೂದಿನ ಹಚ್ಚೂದು, ಭಾಂಡೇನೂ ಬೂದೀಲೇ ತಿಕ್ಕೂದು."

"ಇದರಾಗ ಪುಡಿ ಕಲಿಸೀರಲ್ಲ, ತಾಯಿ."

"ಒಂದ ಚಿಮಟಿಗಿ ಅಷ್ಟ. ಕಲಿಸಿದ ಮ್ಯಾಲ ಬೂದಿನ ಆತಲ್ರಿ?"

"ಆ ಪೊಟ್ಟಣ ಕೊಡ್ರಿ. ಲಗೂನ. ನಿಮ್ಮ ಮೊಮ್ಮಗಳು ದವಾಖಾನ್ಯಾಗ ಅದಾಳ. ಬೆಕ್ಕಿಗಿ ಹತ್ತಿದ ವಿಷಾನ ಆಕೀಗೂ ಹತ್ತೇತಿ."

ಅವರ ಕೈಯಲ್ಲಿದ್ದ ಮೊರ ಜಾರಿ ಬಿತ್ತು. ಅಚ್ಚುಕಟ್ಟಾದ ಆ ನೆಲದ ತುಂಬ ತೊಗರಿ ಚೆಲ್ಲಿತು. ಅಳುತ್ತಾರೆಂದು ಕಾದೆ, ಅಳಲಿಲ್ಲ. ಒಳಗೆ ಹೋಗಿ ಪೊಟ್ಟಣ ತಂದು ಕೊಟ್ಟು, ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತರು. ನಾನು ಅವರಿಗೆ ಕೈ ಸೋಪು ಹಾಕಿ ತೊಳೆಯಲು ಹೇಳಿದೆ. ಆ ಮನೆಯ ಯಾವ ಬಟ್ಟೆಯನ್ನೂ ಕೂಸಿಗೆ ಒಯ್ಯಬೇಡಿ ಅಂದೆ. ಪಕ್ಕದ ಮನೆಯ ರಜಿಯಾಬಿ ತಮ್ಮ ಮೊಮ್ಮಗನ ಅಂಗಿ, ದುಪ್ಪಟಿ ಕೊಟ್ಟು, "ನಡೀ ಗಂಗಕ್ಕ, ನಾನೂ ಬರ್ತೇನಿ" ಎಂದು ಅವರ ಕೈ ಹಿಡಿದು ಜೀಪು ಹತ್ತಿಸಿದರು.

ಪೊಟ್ಟಣ ನೋಡಿದ ಮೇಲೆ ವೈದ್ಯೆಯ ದಾರಿ ನಿಚ್ಚಳವಾಯಿತು. ಸಂಜೆಯ ಹೊತ್ತಿಗೆ ಕೂಸಿನ ಜೊಲ್ಲು ನಿಂತಿತು. ಪಾಪೆ ಅರಳಿತು. ಕೊನೆಗೆ ಅದು ಗಟ್ಟಿಯಾಗಿ ಅತ್ತಾಗ ಅಲ್ಲಿದ್ದ ನಾವೆಲ್ಲ ನಕ್ಕೆವು. ಆಗ ಗಂಗವ್ವ ಗೋಡೆಗೆ ಮುಖ ಮಾಡಿ ಅತ್ತರು. ರೇಣುಕಾ ಕೂಸನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿದಳು. ಅವರು ಮುಟ್ಟಲು ಅಂಜಿದರು. "ಹಿಡೀರಿ ಅತ್ತಿ. ಕೈ ತೊಕ್ಕೊಂಡೀರಲ್ಲ" ಅಂದಳು.

ಸೋನಿಯೂ ಉಳಿಯಿತು. ಅದರ ಮುಂದಿನ ಕೆಲಸ ನನ್ನದು. ಪರಾತದ ಬೂದಿ, ತೊಟ್ಟಿಲ ಬೂದಿ ಎರಡನ್ನೂ ಮನೆಯಿಂದ ಹೊರಗೆ ತೆಗೆಸಿ, ಮಕ್ಕಳ, ದನಕರುಗಳ ಕೈಗೆ ಸಿಗದಂತೆ ವಿಲೇವಾರಿ ಮಾಡಿಸಿದೆ. ಚಿಗಟದ ವಿಷಯದಲ್ಲಿ ಜನ ತಿಳಿಯದ ಸಂಗತಿ ಒಂದಿದೆ: ಬೆಕ್ಕಿನ ಮೈಮೇಲೆ ಕಾಣುವುದು ಸ್ವಲ್ಪ, ಅದರ ಮೊಟ್ಟೆ, ಮರಿ ಇರುವುದು ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ. ಆದ್ದರಿಂದ ಕೌದಿಗಳನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿ ಬಾಗೇವಾಡಿಯ ಬಿಸಿಲಿಗೆ ಹಾಕಿಸಿದೆ. ಆ ಬಿಸಿಲಿನಷ್ಟು ಅಗ್ಗದ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ನೆಲ ಗುಡಿಸಿ ಬಿರುಕು ಮುಚ್ಚಿಸಿದೆ. ಬೆಕ್ಕು ಚೇತರಿಸಿಕೊಂಡ ಮೇಲೆ, ಬೆಕ್ಕಿಗೆಂದೇ ತಯಾರಾದ ಹನಿಯನ್ನು ತೂಕಕ್ಕೆ ತಕ್ಕಂತೆ ಕತ್ತಿನ ಹಿಂದೆ ಹಾಕಿದೆ. ಅದು ನಾಲಿಗೆಗೆ ಸಿಗದ ಜಾಗ. ಹಳೆಯ ಪರಾತ ಎಸೆದು ಹೊಸದರಲ್ಲಿ ತೊಳೆದು ಒಣಗಿಸಿದ ಮರಳು ತುಂಬಿಸಿ ಬೇರೆ ಮೂಲೆಯಲ್ಲಿ ಇಡಿಸಿದೆ.

ಆದರೂ ಸೋನಿ ದೂರದಿಂದಲೇ ಮೂಸಿ ತಿರುಗುತ್ತಿತ್ತು. ಗಂಗವ್ವ ದಿನಾ ಮರಳು ಬದಲಿಸಿ ಕಾದರು. ಕಡೆಗೊಂದು ಮುಂಜಾನೆ ನನಗೆ ಫೋನ್ ಬಂತು. ಯಾರು, ಏನು ಹೇಳುವ ಮೊದಲೇ ಆ ಕಡೆಯಿಂದ ಕೂಗು: "ಸಾಹೇಬ್ರ, ಹೋತರಿ! ಮರಳಾಗ ಹೋಗಿ ಕುಂತು, ಮುಚ್ಚಿ ಬಂತರಿ!" ಸೇವೆಯಲ್ಲಿ ನನಗೆ ಬಂದ ಶುಭ ಸಮಾಚಾರಗಳಲ್ಲಿ ಇದೂ ಒಂದು.

ಕೊಲ್ಹಾರದ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ವೃತ್ತಿ ನನಗೆ ಕಲಿಸಿದ್ದನ್ನು ಓದುಗರಿಗೆ ನೇರವಾಗಿ ಹೇಳುತ್ತೇನೆ. ಅಚ್ಚುಕಟ್ಟಾದ ಪ್ರಾಣಿ ಒಮ್ಮೆಲೇ ಹೊಲಸು ಮಾಡತೊಡಗಿದರೆ ಅದಕ್ಕೆ ಬೈಯಬೇಡಿ. ವೈದ್ಯರಿಗೆ ತೋರಿಸಿ, ಅದು ಎಲ್ಲಿ ಹೋಗುತ್ತಿದೆ ಎಂದು ನೋಡಿದಷ್ಟೇ ಎಲ್ಲಿ ಹೋಗುವುದನ್ನು ಬಿಟ್ಟಿದೆ ಎಂದೂ ನೋಡಿ. ಆ ಬೂದಿಯಲ್ಲಿ ಕೇಡಿದೆಯೆಂದು ಸೋನಿ ತನಗೆ ತಿಳಿದ ಒಂದೇ ರೀತಿಯಲ್ಲಿ ಮನೆಯವರಿಗೆಲ್ಲ ಹೇಳುತ್ತಿತ್ತು.

ನಿವೃತ್ತಿಗೆ ಮುಂಚೆ ಇನ್ನೊಮ್ಮೆ ಆ ದಾರಿಯಲ್ಲಿ ಹೋದಾಗ ಚಹಾಕ್ಕೆ ಇಳಿದೆ. ಗಂಗವ್ವ ಬಿಸಿಲಿಗೆ ಹಾಕಿದ್ದ ಕೌದಿಯನ್ನು ತಂದು, ತೊಟ್ಟಿಲಿಗೆ ಹಾಕದೆ, ನೆಲಕ್ಕೆ ಹಾಸಿದರು. ಸೋನಿ ಬಂದು ಅಂಚನ್ನು ಮೂಸಿತು, ನಡುವೆ ನಡೆದು ಮುಂಗಾಲಿನಿಂದ ಒತ್ತಿ ನೋಡಿ ಮಲಗಿತು. ಅದು ಮಲಗಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಗಂಗವ್ವ ಬೆಕ್ಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೌದಿಯನ್ನು ಝಾಡಿಸಿ ತೊಟ್ಟಿಲೊಳಗೆ ಹಾಸಿದರು. ಶುಚಿತ್ವದ ನಿಯಮದ ಪ್ರಕಾರ ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.