ಮೋಡಿ ಬ್ಯಾರಿಯ ಮನೆತನ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಅಲಿಕುಂಞಿಯವರ ಫೋಟೊ ಸ್ಟುಡಿಯೊ ಇತ್ತು. ವೀಸಾದವರ ಮುಖ ತೆಗೆದು ತೆಗೆದೇ ಅವರ ತಲೆ ನರೆತಿತ್ತು. ೧೯೯೬ರ ಬೇಸಿಗೆಯಲ್ಲಿ ಡಾರ್ಕ್‌ರೂಮಿನ ಕಿಟಕಿಗೆ ಬಡಿದಿದ್ದ ಹಲಗೆಯಿಂದ ಒಂದು ಮೊಳೆ ಕಳಚಿಬಿತ್ತು. ಆ ತೂತಿನ ಎದುರಿನ ಗೋಡೆಯ ಮೇಲೆ ಬೀದಿಯ ಟ್ಯಾಕ್ಸಿಗಳು ಚಕ್ರ ಮೇಲೆ ಮಾಡಿ ಓಡತೊಡಗಿದವು.

ಫೋಟೊಕ್ಕೆ ಬಂದಿದ್ದ ಚೀನೀ ವ್ಯಾಪಾರಿಯೊಬ್ಬ ಅದನ್ನು ಕಂಡು ಕುಣಿದಾಡಿಬಿಟ್ಟ. ಬೆಳಕು ನೇರ ಹೋಗುತ್ತದೆ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೀಳುತ್ತದೆ; ಇದನ್ನು ತಮ್ಮ ದೇಶದ ತತ್ತ್ವಜ್ಞಾನಿ ಮೋ ದಿಯ ಪಂಥದವರು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾರೆ ಎಂದ. ಮೋ ದಿ ಕೋಟೆ ಕಾಯುವ ಯಂತ್ರ ಮಾಡಿದವನು, ಎಲ್ಲರನ್ನೂ ಸಮನಾಗಿ ಪ್ರೀತಿಸಿ ಎಂದವನು, ದುಂದು ಕಂಡರೆ ಸಿಡುಕುವವನು. ಮರುವಾರ ಅವನ ಚಿತ್ರವಿದ್ದ ಕ್ಯಾಲೆಂಡರನ್ನೂ ತಂದುಕೊಟ್ಟ. ಉದ್ದ ಬಿಳಿ ಗಡ್ಡ. ತಲೆಯ ಗಂಟು ದೂರಕ್ಕೆ ಟೋಪಿಯ ಹಾಗೆ ಕಾಣುತ್ತಿತ್ತು. ಮೋ ದಿ ಎಂಬುದು ಅಲಿಕುಂಞಿಯವರ ಬಾಯಲ್ಲಿ ಮೋಡಿಯಾಯಿತು. ತಲೆಕೆಳಗಾದ ಟ್ಯಾಕ್ಸಿಗಳನ್ನು ನೋಡಿದರೆ ಆ ಹೆಸರೇ ಸರಿ ಅನಿಸುತ್ತಿತ್ತು.

ಅದೇ ವರ್ಷ ಮಗಳು ನಫೀಸಳಿಗೆ ಅಲ್ಲೇ ಖಾಲಿದಿಯಾ ಬಡಾವಣೆಯ ಸಫೀರ್‌ನ ಸಂಬಂಧ ಬಂತು. ಹುಡುಗಿ ಒಪ್ಪಿದ್ದಳು. ಆದರೆ ಹುಡುಗನ ತಂದೆ ಅಬ್ದುಲ್ಲರಿಗೆ ಮನೆತನ ಮುಖ್ಯ, ಅಲಿಕುಂಞಿಯವರಿಗೋ ಅಜ್ಜನ ಹೆಸರಿನಾಚೆ ಏನೂ ಗೊತ್ತಿರಲಿಲ್ಲ. ಸ್ಟುಡಿಯೊಕ್ಕೆ ಬಂದ ಅಬ್ದುಲ್ಲ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು.

"ಇವರು ಯಾರು?"

"ಮೋಡಿ ಅಂತ."

"ಮೋಡಿ ಬ್ಯಾರಿ ನಿಮ್ಮ ಹಿರಿಯರಾ! ಮೊದಲೇ ಹೇಳಬಾರದಾ ಮಾರಾಯ? ನನ್ನ ಅಜ್ಜ ಇವರೊಟ್ಟಿಗೆ ಪತ್ತೆಮಾರಿ ಹಡಗಿನಲ್ಲಿ ಬಸ್ರಾಕ್ಕೆ ಹೋದದ್ದುಂಟು."

"ಅಲ್ಲ ಅಬ್ದುಲ್ಲಾಕ, ಇವರು ಚೀನಾದ..."

"ಗೊತ್ತುಂಟು, ಗೊತ್ತುಂಟು. ಚೀನಾಕ್ಕೂ ಹೋಗಿದ್ದರು. ಖಲಾಸ್, ಸಂಬಂಧ ಗಟ್ಟಿ!"

ಒಂದೇ ವಾರದಲ್ಲಿ ಮೋಡಿ ಬ್ಯಾರಿ ಅಬುಧಾಬಿಯಲ್ಲಿ ಹೆಸರುವಾಸಿಯಾದರು. ಅವರು ತನ್ನ ಅಜ್ಜಿಯ ಕಡೆಯವರೆಂದು ಒಬ್ಬ ಉಳ್ಳಾಲದವನು ಹೇಳಿದರೆ, ಅವರ ಗಡ್ಡ ತನ್ನ ಮಾವನದೇ ಎಂದು ಇನ್ನೊಬ್ಬ ಚಿತ್ರದ ಮುಂದೆ ನಿಂತು ಕಣ್ಣೊರೆಸಿಕೊಂಡ. ಅಲಿಕುಂಞಿಯವರಿಗೆ ಊಟ ಸೇರದಾಯಿತು. ಮಗಳ ಮದುವೆ ಒಂದು ಸುಳ್ಳಿನ ಮೇಲೆ ನಿಂತಿತ್ತು. ನಿಜ ಹೇಳಿದರೆ ಮದುವೆಯೇ ನಿಲ್ಲಬಹುದಿತ್ತು.

"ಹೇಳಿಬಿಡಿ ಬಾಪ" ಎಂದಳು ನಫೀಸ. "ಇಲ್ಲದಿದ್ದರೆ ನನ್ನ ಅತ್ತೆ ನನಗೆ ಚೀನೀ ಅಡುಗೆ ಬರ್ತದಾ ಅಂತ ಕೇಳಿಯಾರು."

ಅವರು ಅಬ್ದುಲ್ಲರನ್ನು ಡಾರ್ಕ್‌ರೂಮಿಗೆ ಕರೆದೊಯ್ದು ಬಾಗಿಲು ಹಾಕಿದರು. ತಲೆಕೆಳಗಾಗಿ ಓಡುವ ಟ್ಯಾಕ್ಸಿಗಳ ಎದುರು ನಿಂತು ತೂತು, ಬೆಳಕು, ಚೀನಾ, ಎರಡು ಸಾವಿರ ವರ್ಷ, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಅಬ್ದುಲ್ಲ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎಳೆದು ನೋಡಿದರು.

"ಬಸ್ರಾದ ಕಥೆ ನಾನು ಇಡೀ ಊರಿಗೇ ಹೇಳಿಯಾಗಿದೆ" ಎಂದರು ಮೆಲ್ಲಗೆ. "ಇದು ನನ್ನ ಅಜ್ಜನ ಮರ್ಯಾದೆಯ ಪ್ರಶ್ನೆ. ನನಗೆ ಹೇಳಿದಿರಲ್ಲ, ಸಾಕು. ಬೇರೆ ಯಾರಿಗೂ ಹೇಳಬೇಡಿ."

"ಮದುವೆ?"

"ಅದನ್ನೆಂತ ಕೇಳ್ತೀರಿ? ಮೋಡಿಯ ಮನೆಯ ಹುಡುಗಿಯನ್ನು ಬಿಡ್ಲಿಕ್ಕುಂಟಾ?"

ಅಲಿಕುಂಞಿಯವರಿಗೆ ಜೀವ ಬಂತು. "ಹಾಗಾದರೆ ಒಂದು ಮಾತು. ಮೋಡಿಯವರಿಗೆ ದುಂದು ಆಗುವುದಿಲ್ಲ."

ದೊಡ್ಡ ಹೋಟೆಲಿನ ಹಾಲ್ ರದ್ದಾಯಿತು. ಕಟ್ಟಡದ ಟೆರೇಸಿನಲ್ಲಿ ನೆಯ್‌ಚೋರೆಂಬ ತುಪ್ಪದನ್ನ, ಕೋಳಿ ಗಸಿ, ಅಷ್ಟೇ. ಗೊಣಗಿದ ನೆಂಟರಿಗೆಲ್ಲ ಅಬ್ದುಲ್ಲ, "ಇದು ಮೋಡಿ ಬ್ಯಾರಿಯ ಮನೆಯ ಪದ್ಧತಿ" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಬಟ್ಟಲು ಖಾಲಿ ಮಾಡಿದ ಹಿರಿಯರೊಬ್ಬರು ಬೆರಳು ಚೀಪುತ್ತ ತಲೆಯಾಡಿಸಿದರು.

"ಹೌದು, ಅವರು ಇದ್ದಾಗಲೂ ಹೀಗೇ. ನನಗೆ ಸರಿಯಾಗಿ ನೆನಪುಂಟು."