ಕರಿಬಸಪ್ಪ ಒಲ್ಲೆನೆಂದ ಬದನೆಕಾಯಿ

ನಲವತ್ತೆರಡು ತುಂಬುವವರೆಗೂ ಕರಿಬಸಪ್ಪನಿಗೆ ‘ಒಲ್ಲೆ’ ಎನ್ನುವ ಸಂದರ್ಭವೇ ಬಂದಿರಲಿಲ್ಲ. ಹಳಿಯಾಳದ ಕಡೆಯ ಹಳ್ಳಿಯಲ್ಲಿದ್ದಾಗ ಹೆಣ್ಣನ್ನು ಅಪ್ಪ ನೋಡಿಬಂದ, ಧೋತರ ಅಣ್ಣ ತಂದ. ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದಾಗ ಬಿದಿರಿನ ಲಾರಿ ಎಣಿಸುವ ಕಾರಕೂನಿಕೆಯನ್ನು ಸೋದರಮಾವ ಕೊಡಿಸಿದ. ಕರಿಬಸಪ್ಪ ಎಲ್ಲದಕ್ಕೂ ಕೊರಳೊಡ್ಡಿದ. ಹೆಂಡತಿ ಶಿವವ್ವ, ಅವನ ಪುಣ್ಯಕ್ಕೆ, ಒಳ್ಳೆಯವಳೇ ಸಿಕ್ಕಳು.

ಅವನ ಹೊಟ್ಟೆಗೆ ಕಿಚ್ಚು ಹಚ್ಚಿದವನು ಮೆಕ್ಯಾನಿಕ್ ಸುಭಾನಿ. ಯಂತ್ರ ಕೂಡಿಸಲು ಬಂದಿದ್ದ ಇಂಗ್ಲಿಷ್ ಇಂಜಿನಿಯರನ ಹಿಂದೆ ಆರು ತಿಂಗಳು ನಟ್ಟು ಬಿಗಿಯುವ ಪಾನಾ ಹಿಡಿದು ತಿರುಗಿ, ಒಂದು ಮಾತು ಕಲಿತಿದ್ದ. ಅಂಬೇವಾಡಿಯಲ್ಲಿ ಗಿರಣಿಯವರು ಉಣ್ಣುವ ಮಹಾದೇವಕ್ಕನ ಚಪ್ಪರದಲ್ಲಿ ಒಂದು ಮಧ್ಯಾಹ್ನ ಅವಳು ಎಣ್ಣೆಗಾಯಿ ಬಡಿಸಲು ಬಂದರೆ, ಅಂಗೈ ಅಡ್ಡ ಹಿಡಿದು, “ನಾಟ್ ಮೈ ಕಪ್ ಆಫ್ ಟೀ” ಎಂದ.

“ಹಂಗಂದ್ರೇನಪಾ?”

“ಮನಸಿಗೆ ಬರಲಾರದ್ದಕ್ಕ ಸಾಹೇಬ್ರು ಹಂಗಂತಾರಕ್ಕಾ. ಬದನಿಕಾಯಿ ಕೆಟ್ಟೈತಿ ಅಂತಲ್ಲ, ನನಗ ಸೇರೂದಿಲ್ಲ, ಅಷ್ಟ.”

“ಮತ್ತ ನಿನಗ ಏನು ಸೇರ್ತೈತೊ?”

ಅಂದಿನಿಂದ ಸುಭಾನಿಗೆ ಬೇರೆಯಾಗಿ ಕಡಲೆಹಿಟ್ಟಿನ ಬಿಸಿ ಝುಣಕ. ಕರಿಬಸಪ್ಪ ರೊಟ್ಟಿ ಮುರಿಯುತ್ತ ಅದನ್ನೇ ನೋಡಿದ. ಝುಣಕ ಹಾಳಾಗಲಿ, ಆ ಪ್ರಶ್ನೆ ಇತ್ತಲ್ಲ! ಮೂರು ವರ್ಷದಿಂದ ಇದೇ ಚಪ್ಪರದಲ್ಲಿ ಉಣ್ಣುವವನು ಅವನು. ನಿಮಗೇನು ಸೇರುತ್ತದೆ ಎಂದು ಮಹಾದೇವಕ್ಕ ಹಾಗಿರಲಿ, ಶಿವವ್ವ ಕೂಡ ಕೇಳಿದ್ದಿಲ್ಲ.

ಎಂಟು ದಿನ ಬಿದಿರಿನ ರಾಶಿಯ ಮರೆಗೆ ನಿಂತು ಆ ಮಾತನ್ನು ಬಾಯಿಪಾಠ ಮಾಡಿದ. ಕುಂಬಾರವಾಡದಿಂದ ಬಂದ ಎರಡು ಲಾರಿಗಳು ಅವನ ಎಣಿಕೆಗೇ ಸಿಗದೆ ಒಳಗೆ ಹೋದವು. ಒಂಬತ್ತನೆಯ ದಿನ ಮಹಾದೇವಕ್ಕ ಮತ್ತೆ ಎಣ್ಣೆಗಾಯಿಯ ಬೋಗುಣಿ ಹಿಡಿದು ಬಂದಳು. ಕರಿಬಸಪ್ಪ ಅಂಗೈ ಅಡ್ಡ ಹಿಡಿದ.

“ನಾಟ್ ಮೈ ಕಪ್ ಆಫ್ ಟೀ.”

ಸೌಟು ನಿಂತಿತು. ಇಡೀ ಪಂಕ್ತಿ ಅವನ ಕಡೆ ತಿರುಗಿತು.

“ನಿಮಗೂ ಬಂತೇನ್ರಿ ಈ ಬ್ಯಾನಿ? ಹೇಳ್ರಿ ಹಂಗಾರ, ನಿಮಗ ಏನು ಸೇರ್ತೈತಿ?”

ಬಂದೇಬಿಟ್ಟಿತು ಪ್ರಶ್ನೆ. ಕರಿಬಸಪ್ಪ ನಲವತ್ತೆರಡು ವರ್ಷಗಳನ್ನೂ ತಡಕಾಡಿದ. ಕೈಗೆ ಹತ್ತಿದ್ದು ಒಂದೇ, ಎಣ್ಣೆಗಾಯಿ. ಅದನ್ನಂತೂ ಈಗಷ್ಟೇ ಒಲ್ಲೆ ಎಂದಾಗಿತ್ತು. ಕಣ್ಣು ತಾನಾಗಿ ಸುಭಾನಿಯ ತಾಟಿಗೆ ಹೋಯಿತು.

“ಅವಂಗ ಏನು ಮಾಡೀರಿ, ಅದನ್ನ ನೀಡ್ರಿ.”

“ಒಬ್ಬಂಗಷ್ಟ ಮಾಡೇನ್ರೀ.”

“ನಂದು ತಗೋರಿ ಕಾರಕೂನರ, ಇನ್ನೂ ಮುಟ್ಟಿಲ್ಲ,” ಎಂದು ಸುಭಾನಿ ಝುಣಕದ ಬಟ್ಟಲನ್ನು ಈಚೆ ಸರಿಸಿದ. “ಅಕ್ಕಾ, ಆ ಬದನಿಕಾಯಿ ಇತ್ತ ತಾ. ಇವತ್ತ ವಾಸನಿ ಛಲೋ ಬಂದೈತಿ.”

ಸುಭಾನಿ ಅಂದು ತಿಂದದ್ದು ಏಳು ಬದನೆಕಾಯಿ. ಲೆಕ್ಕ ತಪ್ಪಿರಲಾರದು, ಝುಣಕ ಉಣ್ಣುತ್ತ ಎಣಿಸಿದವನು ಕರಿಬಸಪ್ಪ.